ರಜೆಯ ಅವಧಿ ಮೀರಿದ ಆಟಗಾರ: ವಾಂಗ್ ಝಿಝಿ

ಚೀನಾದಲ್ಲಿ ‘ಬಾ-ಯಿ’ ಎಂಬ ಹೆಸರಿನ ಬ್ಯಾಸ್ಕೆಟ್‌ಬಾಲ್ ತಂಡವೊಂದಿತ್ತು. ಕೂಡಿಸಿ ಬರೆದರೆ ಕನ್ನಡದ ಕಣ್ಣಿಗೆ ಅದು ಬೇರೆಯೇ ಪದವಾಗಿ ಕಾಣುವುದರಿಂದ ನಡುವೆ ಗೆರೆ ಎಳೆದು ಬರೆಯುತ್ತಿದ್ದೇನೆ. ‘ಎಂಟು-ಒಂದು’ ಎಂಬುದು ಅದರ ಅರ್ಥ. ಎಂಟನೆಯ ತಿಂಗಳ ಮೊದಲನೆಯ ತಾರೀಖು. 1927ರ ಆಗಸ್ಟ್ 1ರಂದು ನಾನ್‌ಚಾಂಗ್ ನಗರದಲ್ಲಿ ನಡೆದ ದಂಗೆಯ ದಿನವನ್ನು ಚೀನಾದ ಸೇನೆ ತನ್ನ ಸ್ಥಾಪನೆಯ ದಿನವೆಂದು ಆಚರಿಸುತ್ತದೆ, ಆ ದಿನವೇ ಸೇನೆಯ ತಂಡದ ಹೆಸರಾಯಿತು. ಬೇರೆ ತಂಡಗಳು ಹುಲಿಯನ್ನೋ ತಿಮಿಂಗಿಲವನ್ನೋ ಹೆಸರಿಗೆ ಅಂಟಿಸಿಕೊಂಡಿದ್ದರೆ ಈ ತಂಡವೂ ‘ರಾಕೆಟ್ಸ್’ ಎಂಬ ಬಾಲವೊಂದನ್ನು ಸೇರಿಸಿಕೊಂಡಿತ್ತು, ಆದರೆ ಚೀನೀಯರ ಬಾಯಲ್ಲಿ ಅದು ಸದಾ ಬಾ-ಯಿಯೇ. ಅದರ ಆಟಗಾರರು ಲೆಕ್ಕಕ್ಕೆ ಯೋಧರು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಆಡಿದ ಮೊದಲ ಚೀನೀಯ ಆಟಗಾರ ವಾಂಗ್ ಝಿಝಿ ಈ ತಂಡದಿಂದ ಬಂದವರು, ಮತ್ತು ಅವರ ವೃತ್ತಿಜೀವನದಲ್ಲಿ ಆಮೇಲೆ ನಡೆದದ್ದೆಲ್ಲವೂ ಈ ಒಂದು ಸಂಗತಿಯಿಂದ ಹೊರಟದ್ದು ಎಂಬುದು ನನ್ನ ತಿಳಿವಳಿಕೆ.

ಸೇನೆಯ ತಂಡ ಎಂಬ ಏರ್ಪಾಡು ನಮಗೆ ಹೊಸದೇನಲ್ಲ. ನಮ್ಮ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ರಾಜ್ಯಗಳ ಜೊತೆಗೆ ಸರ್ವಿಸಸ್ ಮತ್ತು ರೈಲ್ವೇಸ್ ತಂಡಗಳು ಇಳಿಯುತ್ತವೆ. ಬೆಂಗಳೂರಿನ ಟೂರ್ನಿಗಳನ್ನು ನೋಡಿದವರಿಗೆ ಸೇನೆಯ ಘಟಕಗಳಾದ ಎಂಇಜಿ, ಎಎಸ್‌ಸಿ ತಂಡಗಳ ಪರಿಚಯವಿರುತ್ತದೆ. ನನ್ನ ಸೋದರಮಾವ ಒಬ್ಬರು ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಹಿಡಿದ ವಾಲಿಬಾಲ್ ಆಟಗಾರರು. ಹೊರರಾಜ್ಯದ ಕ್ಲಬ್ಬೊಂದು ಒಂದು ಸೀಸನ್ನಿಗೆ ಅವರನ್ನು ಕರೆದಾಗ ಆಟಕ್ಕಿಂತ ಹೆಚ್ಚು ಬೆವರು ಹರಿದದ್ದು ಎನ್‌ಒಸಿಗಾಗಿ. ಕಡತ ಮೇಜಿನಿಂದ ಮೇಜಿಗೆ ಸಾಗಿ ಸಹಿಯಾಗಿ ಬರುವಷ್ಟರಲ್ಲಿ ಆ ಸೀಸನ್ನೇ ಮುಗಿದಿತ್ತು. ಮಾವ ಅದನ್ನು ದೊಡ್ಡ ಅನ್ಯಾಯವೆಂದು ಹೇಳಿಕೊಂಡವರಲ್ಲ. ‘ಸಂಬಳ ಅವರದು, ಸಮಯವೂ ಅವರದೇ’ ಎನ್ನುತ್ತಿದ್ದರು. ವಾಂಗ್ ಅವರ ಕಥೆಯನ್ನು ಮೊದಲ ಸಲ ವಿವರವಾಗಿ ಓದಿದಾಗ ನನಗೆ ನೆನಪಾದದ್ದು ಈ ಮಾತು. ಅವರನ್ನು ಕೆಲವರು ಸ್ವಾತಂತ್ರ್ಯಕ್ಕಾಗಿ ಸೆಣಸಿದವರೆಂದು, ಇನ್ನು ಕೆಲವರು ದೇಶಕ್ಕೆ ಬೆನ್ನು ತೋರಿದವರೆಂದು ಬರೆದಿದ್ದಾರೆ. ನನಗಂತೂ ಅದು ಮಂಜೂರಾದ ರಜೆಯ ಅವಧಿ ಮೀರಿದ ಒಬ್ಬ ನೌಕರನ ಕಥೆಯಾಗಿ ಕಾಣುತ್ತದೆ. ವ್ಯತ್ಯಾಸವಿಷ್ಟೇ: ಆ ನೌಕರ ಏಳಡಿ ಎತ್ತರವಿದ್ದರು, ಮತ್ತು ರಜಾ ಅರ್ಜಿ ಎರಡು ದೇಶಗಳ ನಡುವಿನ ವ್ಯವಹಾರವಾಗಿತ್ತು.

ವಾಂಗ್ ಹುಟ್ಟಿದ್ದು 1977ರಲ್ಲಿ, ಬೀಜಿಂಗ್‌ನಲ್ಲಿ. ತಂದೆತಾಯಿ ಇಬ್ಬರೂ ಬ್ಯಾಸ್ಕೆಟ್‌ಬಾಲ್ ಆಡಿದವರು, ತಾಯಿಯಂತೂ ರಾಷ್ಟ್ರೀಯ ಮಹಿಳಾ ತಂಡದಲ್ಲಿದ್ದವರು. ಎತ್ತರದ ಹೆತ್ತವರ ಎತ್ತರದ ಮಗುವನ್ನು ಚೀನಾದ ಕ್ರೀಡಾ ವ್ಯವಸ್ಥೆ ಬಹಳ ಬೇಗ ಗುರುತಿಸುತ್ತದೆ, ಹದಿಹರೆಯದಲ್ಲೇ ವಾಂಗ್ ಬಾ-ಯಿಯ ಕಿರಿಯರ ತಂಡ ಸೇರಿದರು. ಅಲ್ಲಿಂದ ಹೊರಬಂದ ಆಟಗಾರ ಮಾತ್ರ ಆ ವ್ಯವಸ್ಥೆ ಎದುರು ನೋಡಿದ ಬಗೆಯವರಾಗಿರಲಿಲ್ಲ. ಏಳಡಿಯ ಹುಡುಗನೆಂದರೆ ಬುಟ್ಟಿಯ ಕೆಳಗೆ ಬೆನ್ನು ಕೊಟ್ಟು ನಿಂತು, ಮೈಭಾರದಿಂದ ಎದುರಾಳಿಯನ್ನು ಹಿಂದಕ್ಕೆ ತಳ್ಳಿ, ಚೆಂಡು ಸಿಕ್ಕೊಡನೆ ಒಳಗೆ ಹಾಕಬೇಕೆಂಬುದು ಆ ಕಾಲದ ರೂಢಿ. ಎಡಗೈ ಆಟಗಾರರಾದ ವಾಂಗ್ ಮೂರು ಅಂಕದ ಗೆರೆಯ ಬಳಿಗೆ ಬಂದು, ದೂರದಿಂದ ಆಡುವ ಗಿಡ್ಡ ಆಟಗಾರರಾದ ಗಾರ್ಡ್‌ಗಳಂತೆ ಮೃದುವಾಗಿ ಚೆಂಡು ಎತ್ತಿ ಹೊಡೆಯುತ್ತಿದ್ದರು; ಓಡುವಾಗ ಹಗುರವಾಗಿದ್ದರು; ಪಾಸು ಕೊಡಬಲ್ಲವರಾಗಿದ್ದರು. ಎತ್ತರದವರು ದೂರದಿಂದ ಹೊಡೆಯುವುದು ಇಂದು ಎನ್‌ಬಿಎಯಲ್ಲಿ ದಿನನಿತ್ಯದ ನೋಟ. 1990ರ ದಶಕದಲ್ಲಿ ಅದನ್ನು ಕಂಡ ಕೋಚ್‌ಗಳಲ್ಲಿ ಅರ್ಧದಷ್ಟು ಮಂದಿ ಸೋಮಾರಿತನ ಎನ್ನುತ್ತಿದ್ದರು. ಚೀನಾದ ಅಭಿಮಾನಿಗಳು ಅವರನ್ನು ಪ್ರೀತಿಯಿಂದ ‘ದಾ ಝಿ’ ಎಂದು ಕರೆದರು, ದೊಡ್ಡ ಝಿ ಎಂದು ಅದರ ಅರ್ಥ.

19ನೆಯ ವಯಸ್ಸಿಗೆ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆಡಿದರು. 1996ರ ಆ ಕೂಟದಲ್ಲಿ ಚೀನಾ ಎಂಟನೆಯ ಸ್ಥಾನ ಪಡೆಯಿತು. ಅದಕ್ಕೂ ಮುನ್ನ, 1995ರಲ್ಲಿ ಚೀನಾದ ವೃತ್ತಿಪರ ಲೀಗ್ ಸಿಬಿಎ ಆರಂಭವಾಗಿತ್ತು. ಅದರ ಮೊದಲ ಆರು ಪ್ರಶಸ್ತಿಗಳನ್ನೂ, ಅಂದರೆ 1996ರಿಂದ 2001ರವರೆಗೆ ಒಂದನ್ನೂ ಬಿಡದೆ, ಬಾ-ಯಿಯೇ ಗೆದ್ದಿತು. ಲಿಯು ಯುದೋಂಗ್, ಲಿ ನಾನ್, ಷಿನ್‌ಜಿಯಾಂಗ್‌ನಿಂದ ಬಂದ ಆದಿಜಿಯಾಂಗ್ ಮೊದಲಾದವರಿದ್ದ ಆ ತಂಡ ಸೇನೆಗೆ ಸೇರಿದ್ದರಿಂದ ವಿದೇಶಿ ಆಟಗಾರರನ್ನು ತೆಗೆದುಕೊಳ್ಳುವಂತಿರಲಿಲ್ಲ. ಎದುರಾಳಿಗಳು ಅಮೆರಿಕದವರನ್ನು ಕರೆತಂದು ಕಣಕ್ಕಿಳಿಸುತ್ತಿದ್ದಾಗಲೂ ಸ್ವದೇಶಿಯರನ್ನೇ ಇಟ್ಟುಕೊಂಡು ಗೆಲ್ಲುತ್ತಿದ್ದರೆಂದರೆ ವಾಂಗ್ ಅವರ ತೂಕ ಎಷ್ಟೆಂದು ಊಹಿಸಬಹುದು.

ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಎನ್‌ಬಿಎ ಡ್ರಾಫ್ಟ್‌ನಲ್ಲಿ, 1999ರಲ್ಲಿ, ಡಲ್ಲಾಸ್ ಮ್ಯಾವರಿಕ್ಸ್ ತಂಡ ಎರಡನೆಯ ಸುತ್ತಿನಲ್ಲಿ, 36ನೆಯವರಾಗಿ ವಾಂಗ್ ಅವರನ್ನು ಆರಿಸಿತು. ಡ್ರಾಫ್ಟ್ ಎಂದರೆ ಬರಿಯ ಹಕ್ಕು. ಆಟಗಾರನನ್ನು ಬಿಟ್ಟುಕೊಡುವ ಅಧಿಕಾರ ಬೀಜಿಂಗ್‌ನಲ್ಲಿತ್ತು. ಡಲ್ಲಾಸ್‌ನವರು ಚೀನಾಕ್ಕೆ ಹೋಗಿ ಬಂದರು, ಮಾತುಕತೆ ನಡೆಸಿದರು, ಕಾದರು. ಬಾ-ಯಿಗೆ ಲೀಗ್ ಪ್ರಶಸ್ತಿ ಬೇಕಿತ್ತು, ದೇಶಕ್ಕೆ 2000ದ ಸಿಡ್ನಿ ಒಲಿಂಪಿಕ್ಸ್ ಇತ್ತು. ಸಿಡ್ನಿಯಲ್ಲಿ ವಾಂಗ್, ಯಾವೋ ಮಿಂಗ್, ಮೆಂಗ್ಕೆ ಬಾತೆರ್ ಎಂಬ ಮೂವರು ಎತ್ತರದವರನ್ನು ಒಟ್ಟಿಗೆ ನಿಲ್ಲಿಸಿ ‘ನಡೆದಾಡುವ ಮಹಾಗೋಡೆ’ ಎಂದು ಹೆಸರಿಟ್ಟರು. ಆ ಗೋಡೆ ಅಮೆರಿಕದ ಎದುರು 119-72ರಿಂದ ಸೋತು, ಒಟ್ಟಾರೆ ಹತ್ತನೆಯ ಸ್ಥಾನಕ್ಕೆ ನಿಂತಿತು. ಕೊನೆಗೆ 2001ರ ವಸಂತದಲ್ಲಿ, ಯಾವೋ ಅವರ ಶಾಂಘೈ ತಂಡವನ್ನು ಸೋಲಿಸಿ ಬಾ-ಯಿ ತನ್ನ ಆರನೆಯ ಪ್ರಶಸ್ತಿ ಗೆದ್ದ ಬಳಿಕವೇ, ವಾಂಗ್ ಅವರಿಗೆ ಅಮೆರಿಕಕ್ಕೆ ಹೋಗಲು ಅನುಮತಿ ಸಿಕ್ಕಿತು. ಅದೇ ವರ್ಷದ ಜುಲೈನಲ್ಲಿ 2008ರ ಒಲಿಂಪಿಕ್ಸ್ ಯಾರಿಗೆಂದು ನಿರ್ಧಾರವಾಗಬೇಕಿತ್ತು, ಬೀಜಿಂಗ್ ಸ್ಪರ್ಧೆಯಲ್ಲಿತ್ತು. ಜಗತ್ತಿಗೆ ಮುಕ್ತ ಮುಖ ತೋರಿಸಬೇಕಾದ ಹೊತ್ತಿನಲ್ಲೇ ಸೇನೆಯ ಆಟಗಾರನೊಬ್ಬನಿಗೆ ಅಮೆರಿಕಕ್ಕೆ ಹೋಗಲು ಬಾಗಿಲು ತೆರೆದದ್ದು ಕಾಕತಾಳೀಯವೆಂದು ನಂಬುವುದು ನನಗಂತೂ ಕಷ್ಟ.

2001ರ ಏಪ್ರಿಲ್ 5ರಂದು ಅಟ್ಲಾಂಟಾ ಹಾಕ್ಸ್ ಎದುರು ವಾಂಗ್ ಕೋರ್ಟಿಗಿಳಿದರು, ಕೆಲವೇ ನಿಮಿಷ ಆಡಿ 6 ಅಂಕ ಗಳಿಸಿದರು. ಎನ್‌ಬಿಎ ಇತಿಹಾಸದಲ್ಲಿ ಚೀನಾದಿಂದ ಬಂದು ಆಡಿದ ಮೊದಲಿಗರು ಅವರಾದರು. ಆ ಡಲ್ಲಾಸ್ ತಂಡದ ಗುಣವೂ ಅವರ ಆಟಕ್ಕೆ ಒಗ್ಗುವಂತಿತ್ತು. ಕೋಚ್ ಡಾನ್ ನೆಲ್ಸನ್ ಪ್ರಯೋಗಗಳಿಗೆ ಹೆಸರಾದವರು, ಜರ್ಮನಿಯ ಡರ್ಕ್ ನೊವಿಟ್ಸ್‌ಕಿ ಏಳಡಿ ಎತ್ತರವಿದ್ದೂ ದೂರದಿಂದ ಹೊಡೆಯುವುದನ್ನು ಒಪ್ಪಿ ಬೆಳೆಸಿದವರು. ಆದರೆ ಅದೇ ವಾಂಗ್ ಅವರಿಗೆ ಮುಳುವೂ ಆಯಿತೆನ್ನಬೇಕು; ಒಂದೇ ಬಗೆಯ ಇಬ್ಬರಲ್ಲಿ ಒಬ್ಬರು ನೊವಿಟ್ಸ್‌ಕಿಯಾಗಿದ್ದರೆ ಇನ್ನೊಬ್ಬರ ಪಾಲಿಗೆ ಬೆಂಚೇ ಉಳಿಯುತ್ತದೆ. ಮೈಕಟ್ಟಿನಲ್ಲಿ ವಾಂಗ್ ತೆಳುವಾಗಿದ್ದರು. ಬುಟ್ಟಿಯ ಕೆಳಗಿನ ತಳ್ಳಾಟದಲ್ಲಿ, ಗುರಿ ತಪ್ಪಿ ಪುಟಿದ ಚೆಂಡನ್ನು, ಅಂದರೆ ರಿಬೌಂಡ್ ಹಿಡಿಯುವಲ್ಲಿ, ರಕ್ಷಣೆಯಲ್ಲಿ ಹಿಂದೆ ಬೀಳುತ್ತಿದ್ದರು. ಮೊದಲ ಸೀಸನ್ನಿನಲ್ಲಿ ಐದು ಪಂದ್ಯ, ಎರಡನೆಯದರಲ್ಲಿ 55 ಪಂದ್ಯ ಆಡಿದರು. ಪಂದ್ಯಕ್ಕೆ ಸರಾಸರಿ ಸುಮಾರು ಹತ್ತು ನಿಮಿಷ ಸಿಗುತ್ತಿದ್ದ ಅವರಿಗೆ ಆ ಎರಡನೆಯ ಸೀಸನ್ನಿನ ಸರಾಸರಿ 5.6 ಅಂಕ.

ಈ ಎರಡು ಸೀಸನ್ನುಗಳ ನಡುವಿನ ತಿಂಗಳುಗಳನ್ನು ಗಮನಿಸದೆ ಮುಂದಿನದು ಅರ್ಥವಾಗುವುದಿಲ್ಲ. 2001ರ ಬೇಸಿಗೆಯಲ್ಲಿ ವಾಂಗ್ ಕೊಟ್ಟ ಮಾತಿನಂತೆ ಚೀನಾಕ್ಕೆ ಮರಳಿದರು. ಶಾಂಘೈನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಆಡಿ ಗೆದ್ದರು, ಬೀಜಿಂಗ್‌ನ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟದಲ್ಲಿ ಆಡಿದರು. ಅಷ್ಟಕ್ಕೇ ಮುಗಿಯಲಿಲ್ಲ: ನವೆಂಬರಿನಲ್ಲಿ ಗುವಾಂಗ್‌ಡೊಂಗ್‌ನಲ್ಲಿ ರಾಷ್ಟ್ರೀಯ ಕ್ರೀಡಾಕೂಟವಿತ್ತು, ಅಲ್ಲಿ ಸೇನೆಯ ಪರವಾಗಿ ಆಡಬೇಕಿತ್ತು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆ ಕೂಟ ಹೊರಗಿನವರಿಗೆ ದೇಶದೊಳಗಿನ ಒಂದು ಸ್ಪರ್ಧೆ ಮಾತ್ರ. ಪ್ರಾಂತಗಳ ಮತ್ತು ಸೇನೆಯ ಕ್ರೀಡಾಧಿಕಾರಿಗಳಿಗೆ ಬಡ್ತಿ, ಮಾನ, ಅನುದಾನಗಳೆಲ್ಲವೂ ಅಲ್ಲಿನ ಪದಕಗಳ ಮೇಲೆ ನಿಂತಿರುತ್ತವೆ. ಹೀಗಾಗಿ ಎನ್‌ಬಿಎ ಸೀಸನ್ ಆರಂಭವಾದಾಗ ವಾಂಗ್ ಡಲ್ಲಾಸ್‌ನಲ್ಲಿರಲಿಲ್ಲ. ತಂಡದಲ್ಲಿ ಜಾಗಕ್ಕಾಗಿ ಹೋರಾಡಬೇಕಾದ ಎರಡನೆಯ ಸುತ್ತಿನ ಆಟಗಾರನೊಬ್ಬ ತರಬೇತಿ ಶಿಬಿರವನ್ನು ತಪ್ಪಿಸಿಕೊಳ್ಳುವುದೆಂದರೆ, ಬಿತ್ತನೆಯ ಹದ ಮೀರಿದ ಮೇಲೆ ಹೊಲಕ್ಕೆ ಹೋದಂತೆ.

2002ರ ಬೇಸಿಗೆಯಲ್ಲಿ ಮತ್ತೆ ಕರೆ ಬಂತು. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್, ಬೂಸಾನ್‌ನಲ್ಲಿ ಏಷ್ಯನ್ ಕ್ರೀಡಾಕೂಟ. ಡಲ್ಲಾಸ್ ಜೊತೆಗಿನ ಒಪ್ಪಂದ ಮುಗಿದಿತ್ತು, ಹೊಸ ಒಪ್ಪಂದ ಸಿಗಬೇಕಾದರೆ ಅಮೆರಿಕದ ಬೇಸಿಗೆ ಲೀಗಿನಲ್ಲಿ ಆಡಿ ತೋರಿಸಬೇಕಿತ್ತು. ವಾಂಗ್ ಲಾಸ್ ಏಂಜಲಿಸ್‌ನಲ್ಲಿಯೇ ಉಳಿದರು. ಬೇಸಿಗೆ ಲೀಗ್ ಮುಗಿಸಿ ಆಮೇಲೆ ರಾಷ್ಟ್ರೀಯ ತಂಡವನ್ನು ಸೇರಿಕೊಳ್ಳುತ್ತೇನೆ ಎಂಬುದು ಅವರ ನಿಲುವು. ಮೊದಲು ಮರಳಿ ಬಾ, ಮಿಕ್ಕ ಮಾತು ಆಮೇಲೆ ಎಂಬುದು ಬೀಜಿಂಗ್‌ನ ನಿಲುವು. ಸಾಮಾನ್ಯ ಕ್ಲಬ್ಬಿನ ಆಟಗಾರ ಹೀಗೆ ಮಾಡಿದ್ದರೆ ದಂಡ, ನಿಷೇಧಗಳಲ್ಲಿ ವಿಷಯ ಮುಗಿಯುತ್ತಿತ್ತೇನೋ. ಸೇನೆಯವನು ಹೊರದೇಶದಲ್ಲಿ, ಅದೂ ಅಮೆರಿಕದಲ್ಲಿ, ಆದೇಶ ಮೀರಿ ಉಳಿದುಕೊಳ್ಳುವುದಕ್ಕೆ ಬೇರೆ ಹೆಸರುಗಳಿವೆ. ಆ ಶರತ್ಕಾಲದಲ್ಲಿ ಅವರನ್ನು ರಾಷ್ಟ್ರೀಯ ತಂಡದಿಂದ ಹೊರಹಾಕಿದರು. ಚೀನಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 12ನೆಯ ಸ್ಥಾನಕ್ಕಿಳಿಯಿತು. ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಯಾವೋ ಇದ್ದೂ ಹೆಚ್ಚುವರಿ ಅವಧಿಯಲ್ಲಿ ದಕ್ಷಿಣ ಕೊರಿಯಾಕ್ಕೆ 102-100ರಿಂದ ಸೋತಿತು. ಎರಡು ಅಂಕಗಳ ಆ ಸೋಲನ್ನು ಚೀನಾದ ಅನೇಕರು ಗೈರುಹಾಜರಾದ ವಾಂಗ್ ಅವರ ಲೆಕ್ಕಕ್ಕೇ ಬರೆದರು.

ಇಲ್ಲಿ ಯಾವೋ ಮಿಂಗ್ ಅವರ ವಿಷಯವನ್ನು ಸ್ವಲ್ಪ ಹೇಳಲೇಬೇಕು. 2002ರ ಜೂನ್‌ನಲ್ಲಿ ಹ್ಯೂಸ್ಟನ್ ರಾಕೆಟ್ಸ್ ಅವರನ್ನು ಡ್ರಾಫ್ಟ್‌ನ ಮೊದಲಿಗರಾಗಿ ಆರಿಸಿತು. ಅದೇ ವಾರಗಳಲ್ಲಿ ವಾಂಗ್ ಮರಳದಿರುವ ಸುದ್ದಿ ಬೀಜಿಂಗ್‌ನ ಅಧಿಕಾರಿಗಳ ತಲೆ ತಿನ್ನುತ್ತಿತ್ತು. ಯಾವೋ ಅವರನ್ನು ಬಿಡುವ ಮುನ್ನ ಪ್ರತಿ ಬೇಸಿಗೆಯೂ ರಾಷ್ಟ್ರೀಯ ತಂಡಕ್ಕೆ ಮರಳಬೇಕೆಂಬ ಷರತ್ತನ್ನು ಬಿಗಿ ಮಾಡಿದರು, ಅವರ ಗಳಿಕೆಯಲ್ಲಿ ಒಂದು ಪಾಲು ಚೀನಾದ ಕ್ರೀಡಾ ಸಂಸ್ಥೆಗಳಿಗೆ ಸಲ್ಲಬೇಕೆಂದರು. ಯಾವೋ ಆ ಷರತ್ತನ್ನು ಅಕ್ಷರಶಃ ಪಾಲಿಸಿದರು: ವರ್ಷವಿಡೀ ಹ್ಯೂಸ್ಟನ್‌ಗಾಗಿ ಆಡಿ, ಬೇಸಿಗೆಯಲ್ಲಿ ಚೀನಾಕ್ಕಾಗಿ ಆಡಿ, ಕಾಲಿನ ಮೂಳೆ ಮತ್ತೆ ಮತ್ತೆ ಮುರಿದು, 2011ರಲ್ಲಿ 30ನೆಯ ವಯಸ್ಸಿಗೆ ನಿವೃತ್ತರಾದರು. ಒಬ್ಬರು ಹೇಳಿದ ದಿನ ಮರಳಲಿಲ್ಲವೆಂದು ಹೆಸರು ಕಳೆದುಕೊಂಡರೆ, ಇನ್ನೊಬ್ಬರು ಪ್ರತಿ ಸಲವೂ ಹೇಳಿದ ದಿನಕ್ಕೇ ಮರಳಿ ಕಾಲು ಕಳೆದುಕೊಂಡರು. ಯಾವೋ ಅವರ ಗಾಯಕ್ಕೆ ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಏಳೂವರೆ ಅಡಿಯ ಮೈ ಹೊತ್ತ ಪಾದಗಳಿಗೆ ವಿಶ್ರಾಂತಿಯೇ ಇಲ್ಲದಿದ್ದದ್ದನ್ನು ಮಾತ್ರ ನೆನಪಿಸುತ್ತಿದ್ದೇನೆ.

ವಾಂಗ್ ಅವರಿಗೆ ಲಾಸ್ ಏಂಜಲಿಸ್ ಕ್ಲಿಪ್ಪರ್ಸ್ ತಂಡ ಮೂರು ವರ್ಷಕ್ಕೆ ಸುಮಾರು 60 ಲಕ್ಷ ಡಾಲರಿನ ಒಪ್ಪಂದ ಕೊಟ್ಟಿತು. ಹಣ ಬಂತು, ಆಟ ಬರಲಿಲ್ಲ. 41 ಪಂದ್ಯಗಳಲ್ಲಿ ಸರಾಸರಿ 4.4 ಅಂಕ ಗಳಿಸಿದ ಅವರನ್ನು ಒಂದು ವರ್ಷದಲ್ಲೇ ಕೈಬಿಟ್ಟರು. ಚೀನಾದ ಟಿವಿಯಲ್ಲಿ ಅವರ ಪಂದ್ಯಗಳು ಕಾಣದಾದವು, ಎಲ್ಲ ಕಣ್ಣುಗಳೂ ಹ್ಯೂಸ್ಟನ್ ಕಡೆಗೆ ತಿರುಗಿದವು. ಅಲ್ಲಿಂದ ಮಯಾಮಿ ಹೀಟ್ ತಂಡಕ್ಕೆ ಹೋದ ಅವರು ಎರಡು ಸೀಸನ್ನುಗಳಲ್ಲಿ 36 ಪಂದ್ಯ ಆಡಿದರು. 2005ಕ್ಕೆ ಅವರ ಎನ್‌ಬಿಎ ಬದುಕು ಮುಗಿಯಿತು: ಒಟ್ಟು 137 ಪಂದ್ಯ, ಸರಾಸರಿ 4.4 ಅಂಕ, 1.7 ರಿಬೌಂಡ್. ಈ ಲೆಕ್ಕದಲ್ಲಿ ಮನಸ್ಸಿಗೆ ನಾಟುವ ಸಂಗತಿಯೊಂದು 2004ರ ಅಥೆನ್ಸ್ ಒಲಿಂಪಿಕ್ಸ್. ಅಲ್ಲಿ ಚೀನಾ ತಂಡ ಆಗಿನ ವಿಶ್ವ ಚಾಂಪಿಯನ್ ಸರ್ಬಿಯಾ-ಮಾಂಟೆನೆಗ್ರೊವನ್ನು 67-66ರಿಂದ ಸೋಲಿಸಿ ಎಂಟರ ಘಟ್ಟ ತಲುಪಿತು. ತಂಡದ ಕೋಚ್ ಡೆಲ್ ಹ್ಯಾರಿಸ್, ಡಲ್ಲಾಸ್‌ನಲ್ಲಿ ನೆಲ್ಸನ್ ಅವರ ಸಹಾಯಕರಾಗಿದ್ದವರು. ಡಲ್ಲಾಸ್‌ನ ಕೋಚ್ ಚೀನಾದ ಬೆಂಚಿನಲ್ಲಿ ಕುಳಿತಿದ್ದರು, ಡಲ್ಲಾಸ್‌ಗೆ ಹೋದ ಮೊದಲ ಚೀನೀಯ ಆಟಗಾರನಿಗೆ ಅಲ್ಲಿ ಜಾಗವಿರಲಿಲ್ಲ.

2006ರ ಏಪ್ರಿಲ್‌ನಲ್ಲಿ ವಾಂಗ್ ಬೀಜಿಂಗ್‌ಗೆ ಮರಳಿದರು. ಬಂದವರು ಬಹಿರಂಗವಾಗಿ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರು. ಆ ಕ್ಷಮಾಪಣೆಯಲ್ಲಿ ಎಷ್ಟು ಪಾಲು ಮನಸ್ಸಿನದು, ಎಷ್ಟು ಪಾಲು ಬರೆದುಕೊಟ್ಟದ್ದು ಎಂಬ ಚರ್ಚೆಯನ್ನು ವಿದೇಶಿ ಪತ್ರಿಕೆಗಳು ಬಹಳ ಮಾಡಿದವು. ಸರ್ಕಾರಿ ಕಚೇರಿಗಳಲ್ಲಿ ವಿವರಣಾ ಪತ್ರ ಬರೆದು ಗೊತ್ತಿರುವವರಿಗೆ ಈ ಚರ್ಚೆ ಅಷ್ಟು ಮುಖ್ಯವೆನಿಸುವುದಿಲ್ಲ; ‘ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ’ ಎಂಬ ಸಾಲಿನ ಪ್ರಾಮಾಣಿಕತೆಯನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ, ಸಾಲು ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಎರಡು ವರ್ಷದಲ್ಲಿ ಒಲಿಂಪಿಕ್ಸ್ ಮನೆಯಂಗಳಕ್ಕೆ ಬರುವುದಿತ್ತು, ಏಳಡಿಯ ಅನುಭವಿ ಆಟಗಾರ ಬೇಕಾಗಿದ್ದರು. ಕ್ಷಮೆ ಸಿಕ್ಕಿತು.

ಇಲ್ಲಿಂದ ಮುಂದಿನ ಭಾಗವನ್ನು ಅಮೆರಿಕದ ಲೇಖನಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ತಿರುಳು ಇರುವುದು ಇಲ್ಲೇ. 29ನೆಯ ವಯಸ್ಸಿನಲ್ಲಿ, ಮೊದಲಿನ ವೇಗ ಇಳಿದು, ಮೈ ದಪ್ಪಗಾಗಿ, ವರ್ಷಗಟ್ಟಲೆ ಬೆಂಚಿನಲ್ಲಿ ಕುಳಿತು ಬಂದ ಆಟಗಾರ ಅದೇ ವರ್ಷ ಜಪಾನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಿದರು. ಡಿಸೆಂಬರಿನಲ್ಲಿ ದೋಹಾದ ಏಷ್ಯನ್ ಕ್ರೀಡಾಕೂಟದಲ್ಲಿ ಆತಿಥೇಯ ಕತಾರ್ ತಂಡವನ್ನು 59-44ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. ನಾಲ್ಕು ವರ್ಷದ ಹಿಂದೆ ಅವರಿಲ್ಲದೆ ಕಳೆದುಹೋಗಿದ್ದ ಚಿನ್ನವದು. ಮರುವರ್ಷ, ಸತತ ಮೂರು ಸಲ ಚಾಂಪಿಯನ್ ಆಗಿದ್ದ ಗುವಾಂಗ್‌ಡೊಂಗ್ ತಂಡವನ್ನು ಫೈನಲ್‌ನಲ್ಲಿ 4-1ರಿಂದ ಮಣಿಸಿ ಬಾ-ಯಿಗೆ ಎಂಟನೆಯ ಲೀಗ್ ಪ್ರಶಸ್ತಿ ತಂದುಕೊಟ್ಟರು. ಬಾ-ಯಿ ಗೆದ್ದ ಕಡೆಯ ಪ್ರಶಸ್ತಿಯೂ ಅದೇ.

2008ರ ಒಲಿಂಪಿಕ್ಸ್‌ನ ಚೀನಾ-ಅಮೆರಿಕ ಪಂದ್ಯವನ್ನು ನಾನು ಟಿವಿಯಲ್ಲಿ ನೋಡಿದ್ದೇನೆ. ಮೊದಲ ಬುಟ್ಟಿಯನ್ನೇ ಯಾವೋ ಮೂರು ಅಂಕದ ಗೆರೆಯಾಚೆಯಿಂದ ಹಾಕಿದಾಗ ಕ್ರೀಡಾಂಗಣ ಎದ್ದು ನಿಂತಿತ್ತು. ಆಮೇಲೆ ಅಮೆರಿಕ 101-70ರಿಂದ ಗೆದ್ದಿತು. ಯಾವೋ ದಣಿದು ಹೊರಬಂದಾಗ ಒಳಗೆ ಹೋಗುತ್ತಿದ್ದ, ಗಂಭೀರ ಮುಖದ ಆ ದಪ್ಪನೆಯ ಎಡಗೈಯವರು ಯಾರೆಂದು ಅಂದು ನನಗೆ ಗೊತ್ತಿರಲಿಲ್ಲ. ಬುಟ್ಟಿಯ ಬಳಿ ಆಡುವ ಬದಲಿ ಆಟಗಾರ, ಸೆಂಟರ್ ಎಂದುಕೊಂಡು ಸುಮ್ಮನಾಗಿದ್ದೆ. ಯಾವೋ ಅವರಿಗಿಂತ ಮೊದಲು ಆ ದಾರಿಯಲ್ಲಿ ನಡೆದವರು ಅವರೇ ಎಂದು ತಿಳಿದದ್ದು ಬಹಳ ತಡವಾಗಿ. ಚೀನಾ ಆ ಕೂಟದಲ್ಲಿ ಎಂಟರ ಘಟ್ಟ ತಲುಪಿ ಲಿಥುವೇನಿಯಾಕ್ಕೆ ಸೋತಿತು.

ಯಾವೋ ನಿವೃತ್ತರಾದರು, ಅವರಿಗಿಂತ ಮೂರು ವರ್ಷ ದೊಡ್ಡವರಾದ ವಾಂಗ್ ಆಡುತ್ತಲೇ ಇದ್ದರು. 2010ರಲ್ಲಿ ಗುವಾಂಗ್‌ಜೋ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 77-71ರಿಂದ ಸೋಲಿಸಿದ ತಂಡದಲ್ಲೂ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಐದೂ ಪಂದ್ಯ ಸೋತ ತಂಡದಲ್ಲೂ ಅವರಿದ್ದರು. ಅಟ್ಲಾಂಟಾದ 19ರ ಹುಡುಗನಿಗೆ ಲಂಡನ್‌ನಲ್ಲಿ 35. ನಡುವೆ ಅಥೆನ್ಸ್ ಒಂದನ್ನು ಬಿಟ್ಟರೆ ಎಲ್ಲ ಒಲಿಂಪಿಕ್ಸ್‌ಗಳನ್ನೂ ಆಡಿದ್ದರು. ಮರಳಿ ಬಂದ ಮೇಲಿನ ಈ ವರ್ಷಗಳಲ್ಲಿ ಅವರ ಆಟ ನಿಧಾನವಾಗಿತ್ತು, ಆದರೆ ಎಲ್ಲಿ ನಿಲ್ಲಬೇಕು, ಯಾವಾಗ ಚೆಂಡು ಬಿಡಬೇಕು ಎಂಬುದರಲ್ಲಿ ಪಳಗಿದ್ದರು. ದೂರದಿಂದ ಹೊಡೆಯುವ ಕೈಗೆ ವಯಸ್ಸಾಗುವುದು ಕಾಲುಗಳಿಗಿಂತ ತಡವಾಗಿ.

ನಮಗೆ ಸಂಬಂಧಿಸಿದ ಎಳೆಯೊಂದು ಇಲ್ಲಿದೆ. 2015ರ ಡ್ರಾಫ್ಟ್‌ನಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು 52ನೆಯವರಾಗಿ ಆರಿಸಿದ್ದು ಇದೇ ಡಲ್ಲಾಸ್ ಮ್ಯಾವರಿಕ್ಸ್. ಭಾರತದಲ್ಲಿ ಹುಟ್ಟಿದವರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗರು ಅವರು. ಏಷ್ಯಾದ ಎರಡು ದೊಡ್ಡ ದೇಶಗಳ ಮೊದಲಿಗರನ್ನು ಹದಿನಾರು ವರ್ಷಗಳ ಅಂತರದಲ್ಲಿ ಒಂದೇ ತಂಡ, ಎರಡನೆಯ ಸುತ್ತಿನಲ್ಲೇ ಕರೆದಿತ್ತು. ಸತ್ನಾಮ್ ಎನ್‌ಬಿಎ ಪಂದ್ಯ ಆಡುವ ಅವಕಾಶ ಪಡೆಯಲಿಲ್ಲ. ಅವರ ಆಯ್ಕೆಯ ಸುದ್ದಿ ಓದುತ್ತಿದ್ದಾಗ ನಮ್ಮವರೆಲ್ಲ ‘ನಮ್ಮ ಯಾವೋ ಮಿಂಗ್ ಬಂದರು’ ಎಂದು ಸಂಭ್ರಮಿಸುತ್ತಿದ್ದರು. ಹೋಲಿಕೆಗೆ ತೆಗೆದುಕೊಳ್ಳಬೇಕಾಗಿದ್ದ ಹೆಸರು ಅದಲ್ಲ ಎಂದು ನನಗೆ ಅನಿಸಿತ್ತು. 137 ಪಂದ್ಯಗಳನ್ನು ಆಡುವುದೂ ಎಷ್ಟು ದೂರದ ಮಾತು ಎಂಬುದು ಆಮೇಲೆ ಎಲ್ಲರಿಗೂ ಗೊತ್ತಾಯಿತು.

ಆಟ ಬಿಟ್ಟ ಮೇಲೆ ವಾಂಗ್ ಬಾ-ಯಿಯಲ್ಲೇ ಕೋಚ್ ಆದರು. ಅಷ್ಟರಲ್ಲಿ ತಂಡ ಪಟ್ಟಿಯ ತಳ ಸೇರಿತ್ತು. ಪ್ರತಿಯೊಂದು ತಂಡವೂ ಅಮೆರಿಕದಿಂದ ಒಳ್ಳೆಯ ಆಟಗಾರರನ್ನು ಕರೆತರುತ್ತಿದ್ದ ಲೀಗಿನಲ್ಲಿ, ಸ್ವದೇಶಿಯರನ್ನೇ ನೆಚ್ಚಿದ ಸೇನಾ ತಂಡಕ್ಕೆ ಉಳಿಗಾಲವಿರಲಿಲ್ಲ. ಸೇನೆಯೂ ಇಂಥ ಬಾಬತ್ತುಗಳಿಂದ ಕೈ ತೆಗೆಯತೊಡಗಿತ್ತು. 2020ರ ಅಕ್ಟೋಬರಿನಲ್ಲಿ ಸೀಸನ್ ಆರಂಭವಾದಾಗ ಬಾ-ಯಿ ಕೋರ್ಟಿಗೆ ಬರಲಿಲ್ಲ, ಲೀಗಿನಿಂದ ಅದು ಹಿಂದೆ ಸರಿದಿದೆ ಎಂಬ ಪ್ರಕಟಣೆ ಹೊರಬಿತ್ತು. ಆ ಹೊತ್ತಿಗೆ ಚೀನಾದ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಯಾವೋ ಮಿಂಗ್.